ಪಿಟೀಲು ಸರಿ, ಹಾಡವ್ರು ಯಾರು?

ಪಿಟೀಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬನಹಟ್ಟಿಯ ಮನೆಯಿಂದ ಹೊರಬಿದ್ದೆನೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ವಾಪಸು ಬಂದ ದಿನ ಅವ್ವ ಹಣೆ ಮುಟ್ಟಿ ನೋಡುತ್ತಾಳೆ, ಜ್ವರಗಿರ ಬಂದಿದೆಯೇನೋ ಎಂದು.

ಹಾಡುವವರ ಪಕ್ಕದಲ್ಲಿ ಕೂತು ಸಾಥ್ ಕೊಡುವುದು ನನ್ನ ಕಸುಬು. ಆಸೆ ಬೇರೆ. ವೇದಿಕೆಯ ನಟ್ಟನಡುವೆ ಕೂತು, ಹಾಡುವವರಿಲ್ಲದೆ, ಪಿಟೀಲೊಂದನ್ನೇ ನುಡಿಸಬೇಕು. ಧಾರವಾಡಕ್ಕೆ ಹೋಗಿ ಇನ್ನೂ ಕಲಿಯಬೇಕು. ಅಪ್ಪ ಇದಕ್ಕೊಂದು ಶರತ್ತು ಹಾಕಿದ್ದ. "ಬರೇ ಪಿಟೀಲು ಕೇಳಾಕ ನಮ್ಮೂರಾಗ ಯಾರ ಕೂಡ್ರತಾರ? ನಾಕ ಮಂದಿ ಕಡೀತನಕಾ ಕೂತು ತೋರಿಸ್ಲಿ, ಧಾರವಾಡಕ್ಕ ಕಳಸ್ತೀನಿ." ಆ ನಾಲ್ಕು ಮಂದಿಯನ್ನು ಹುಡುಕುವುದರಲ್ಲೇ ನನ್ನ ಹರೆಯ ಹೋಗುವ ಹಾಗೆ ಕಾಣುತ್ತಿತ್ತು.

ಬಸ್ಸಿನ ಅಜ್ಜಿ

ಗುರುಗಳಿರುವುದು ಜಮಖಂಡಿಯಲ್ಲಿ. ಒಮ್ಮೆ ಬಸ್ಸಿನಲ್ಲಿ ತೇರದಾಳದ ಅಜ್ಜಿಯೊಬ್ಬಳು ಪಕ್ಕದಲ್ಲಿದ್ದಳು. ಪೆಟ್ಟಿಗೆಯಲ್ಲಿ ಏನಿದೆ ಎಂದಳು, ತೆರೆದು ತೋರಿಸಿದೆ. ಕೂಸನ್ನು ನೋಡಿದ ಹಾಗೆ ಹಿಂದೆ ಮುಂದೆ ಹೊರಳಿಸಿ ನೋಡಿ, ಇದು ಏನು ಮಾಡುತ್ತದೆ ಎಂದು ಕೇಳಿದಳು. ನಾವು ಗಂಟಲಲ್ಲಿ ಹಾಡುವುದನ್ನೆಲ್ಲ ಇದು ತಂತಿಯಲ್ಲಿ ಹಾಡುತ್ತದೆ ಎಂದೆ. ಹಾಗಾದರೆ ನೀನು ಹಾಡುವುದಿಲ್ಲವೇ ಎಂದಳು. ಇಲ್ಲ ಎಂದೆ.

ಅಜ್ಜಿಯ ಮುಖ ಸಣ್ಣದಾಯಿತು. ನನ್ನ ಕೈ ಹಿಡಿದುಕೊಂಡು ಸಮಾಧಾನ ಮಾಡಿದಳು. "ಚಿಂತಿ ಮಾಡಬ್ಯಾಡ ತಂಗಿ. ದಿನಾ ಮುಂಜಾನೆ ಜೇನುತುಪ್ಪ ನೆಕ್ಕು. ಗಂಟಲ ಸುದ್ದ ಆತಂದ್ರ ಈ ಪೆಟ್ಟಿಗಿ ಹೊರೂದ ತಪ್ಪತೈತಿ."

ಒಂದೇ ಎಳೆ

ಮೊದಲ ವರ್ಷ ಗುರುಗಳು ಷಡ್ಜ ಬಿಟ್ಟು ಮುಂದೆ ಹೋಗಲೇ ಇಲ್ಲ. ಕಮಾನನ್ನು ಈ ತುದಿಯಿಂದ ಆ ತುದಿಗೆ ನಡುಗದಂತೆ ಎಳೆಯುವುದು, ಮತ್ತೆ ವಾಪಸು ತರುವುದು, ಅಷ್ಟೇ. ನನಗೆ ಅಳು ಬರುತ್ತಿತ್ತು. ಮಗಳು ಎಲ್ಲಿಗೆ ಬಂದಿದ್ದಾಳೆ ನೋಡೋಣವೆಂದು ಒಂದು ದಿನ ಅಪ್ಪ ಜೊತೆಗೆ ಬಂದ. ಅಪ್ಪನದು ಸೀರೆ ನೇಯುವ ಮಗ್ಗಗಳು. ಮೂಲೆಯಲ್ಲಿ ಕೂತು ಪಾಠ ಪೂರ್ತಿ ಕೇಳಿದ. ಆಮೇಲೆ ಕೈಮುಗಿದೇ ಕೇಳಿದ, "ತಪ್ಪ ತಿಳೀಬ್ಯಾಡ್ರಿ ಗುರುಗಳ, ಒಂದ ಎಳಿ ಎಳಕೋತ ಕೂತ್ರ ಸೀರಿ ಯಾವಾಗ ಆಕ್ಕೈತ್ರಿ?"

ಗುರುಗಳು ಸಿಟ್ಟಾಗಲಿಲ್ಲ. "ಎಳಿ ಕಚ್ಚಾ ಇದ್ರ ನೀವು ಮಗ್ಗಕ್ಕ ಹಾಕ್ತೀರೇನ್ರಿ?" ಎಂದರು.

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ಬಸ್ಸಿನಲ್ಲಿ ಊರು ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದ. ಇವತ್ತಿಗೆ ನನ್ನ ಪಿಟೀಲು ಮುಗಿಯಿತು ಎಂದುಕೊಂಡೆ. ಮನೆಗೆ ಬಂದು ಅವ್ವನಿಗೆ ಹೇಳಿದ, "ಮನಷಾ ಖರೇದಾಂವ ಅದಾನ, ಕಲೀಲಿ. ಆದ್ರ ಅಂವಾ ಸೀರಿ ವ್ಯಾಪಾರಕ್ಕ ಬರಬಾರದು, ಗಿರಾಕಿ ಕಾಯೂದಿಲ್ಲ."

ಹಾರ

ಗಲಗಲಿಯಲ್ಲಿ ಒಂದು ಕಾರ್ಯಕ್ರಮ. ಹಾಡುವವರ ಗಾಡಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತ್ತು. ಅವರು ಬರುವ ತನಕ ನೀನೇ ಒಂದಿಷ್ಟು ನುಡಿಸು ಎಂದರು ಕಮಿಟಿಯವರು. ಕಾದಿದ್ದು ಇದಕ್ಕೇ ಅಲ್ಲವೇ? ಕಣ್ಣು ಮುಚ್ಚಿ ಆಲಾಪ ಶುರುಮಾಡಿದೆ. ಇನ್ನೇನು ರಾಗ ಮೈಗೆ ಹತ್ತಿತು ಅನ್ನುವಾಗ ಕೊರಳಿಗೆ ತಣ್ಣಗೆ ಏನೋ ಬಿತ್ತು.

ಚೆಂಡುಹೂವಿನ ಹಾರ. ನಮ್ಮ ಕಡೆ ವೇದಿಕೆ ಹತ್ತಿದವರಿಗೆ ಸನ್ಮಾನ ಮಾಡದೆ ಇಳಿಸುವುದಿಲ್ಲ. ನುಡಿಸುವುದನ್ನು ನಿಲ್ಲಿಸಿದರೆ ಕಲೆಗೆ ಅವಮಾನವೆಂದು ಆ ಪುಣ್ಯಾತ್ಮರು ನಿಲ್ಲಿಸದೆಯೇ ಮುಗಿಸುತ್ತಿದ್ದರು. ಹಾರ ನನ್ನನ್ನೂ ಪಿಟೀಲನ್ನೂ ಸೇರಿಸಿಯೇ ಬಿದ್ದಿತ್ತು. ಕಮಾನು ಹೂವಿನಲ್ಲಿ ಸಿಕ್ಕಿತು, ಬಲಗೈ ಶಾಲಿನೊಳಗೆ ಹೋಯಿತು. ಎರಡೂ ಕೈ ಖಾಲಿ ಇಲ್ಲದ್ದು ನೋಡಿ ತೆಂಗಿನಕಾಯಿಯನ್ನು ಮಡಿಲಲ್ಲಿ ಇಟ್ಟರು. ಅಷ್ಟರಲ್ಲಿ ಹಾಡುವವರು ಬಂದೇಬಿಟ್ಟರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಕೆಳಗೆ "ಗಾಯಕಿಗೆ ಸನ್ಮಾನ" ಎಂದಿತ್ತು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಮಗ್ಗದ ಶೆಡ್ಡಿನಲ್ಲಿ ತೂಗುಹಾಕಿದ. ಮಗಳು ಚೆನ್ನಾಗಿ ಹಾಡುತ್ತಾಳೇನು ಎಂದು ಬಂದವರು ಕೇಳಿದರೆ, ಹೂಂ ಅನ್ನುತ್ತಾನೆ.

ಕರೆಂಟ್

ನಮ್ಮ ಓಣಿಯ ತುಂಬ ಮಗ್ಗಗಳು. ಅವು ನಡೆದಿದ್ದರೆ ನನ್ನ ಸ್ವರ ನನಗೇ ಕೇಳಿಸುವುದಿಲ್ಲ. ಅದಕ್ಕೇ ಕರೆಂಟ್ ಹೋದ ಕೂಡಲೇ ಪಿಟೀಲು ತೆಗೆಯುವುದು ಚಿಕ್ಕಂದಿನಿಂದ ಬಂದ ರೂಢಿ.

ಈ ವರ್ಷ ಓಣಿಯ ಸಮುದಾಯ ಭವನದಲ್ಲಿ ಕೊನೆಗೂ ನನ್ನೊಬ್ಬಳದೇ ಕಾರ್ಯಕ್ರಮ ಗೊತ್ತಾಯಿತು. ಇಳಿಹೊತ್ತು. ಮಗ್ಗದವರೆಲ್ಲ ಚಹಾಕ್ಕೆಂದು ಕೆಲಸ ನಿಲ್ಲಿಸಿದ್ದರು. ಭವನದ ಮೇಲೆ ಸ್ಪೀಕರ್ ಕಟ್ಟಿದ್ದರು. ಒಳಗಿದ್ದವರು ಗುರುಗಳು, ಅಪ್ಪ, ಅವ್ವ, ಮತ್ತೆ ಫ್ಯಾನಿನ ಗಾಳಿಗೆ ಬಂದ ಇಬ್ಬರು ಮುದುಕಿಯರು. ಅಪ್ಪ ಸುತ್ತಲೂ ಒಮ್ಮೆ ನೋಡಿ ತಲೆ ತಗ್ಗಿಸಿದ. ಮನೆಯವರನ್ನೂ ಗುರುಗಳನ್ನೂ ಬಿಟ್ಟರೆ ಉಳಿದವರು ಇಬ್ಬರೇ, ಧಾರವಾಡ ಕೈತಪ್ಪಿತು ಅನಿಸಿತು. ಆದರೂ ಭೀಮಪಲಾಸ ರಾಗ ಹಿಡಿದೆ.

ಒಬ್ಬ ಬಂದು ಕೂತ. ಹಿಂದೆ ಇಬ್ಬರು ಬಂದರು. ಆಮೇಲೆ ತಲೆಯ ಮೇಲಿನ ನೂಲಿನ ಧೂಳು ಸಹ ಝಾಡಿಸದೆ ಓಣಿಗೆ ಓಣಿಯೇ ಬಂತು. ಚಹಾದ ಹೊತ್ತು ಮುಗಿದರೂ ಒಂದು ಮಗ್ಗವೂ ಶುರುವಾಗಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಆ ಸದ್ದು ನನಗಾಗಿ ನಿಂತಿದೆ ಅನಿಸಿ ಕಣ್ಣು ತುಂಬಿದವು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ನುಡಿಸಿರಲಿಲ್ಲ. ಯಾವತ್ತೂ ತಲೆದೂಗದ ಗುರುಗಳು ತಲೆದೂಗಿದರು.

ಮುಗಿದ ಮೇಲೆ ಪಕ್ಕದ ಶೆಡ್ಡಿನ ಯಜಮಾನರು ಎದ್ದು ನಿಂತರು. "ಭಾಳ ಛಲೋ ನುಡಿಸಿದಿ ತಂಗಿ, ಹೊತ್ತ ಹೋಗಿದ್ದ ಗೊತ್ತಾಗ್ಲಿಲ್ಲ. ಅಂದಂಗ ಕರೆಂಟ್ ಯಾವಾಗ ಬರತೈತಂತ?"

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಚಹಾ ಕುಡಿದು ಎದ್ದವರಿಗೆ ಪಿಟೀಲು ಕೇಳಿಸಿದೆ; ನಾನು ನುಡಿಸುತ್ತಿದ್ದೇನೆಂದರೆ ಕರೆಂಟ್ ಹೋಗಿರಲೇಬೇಕೆಂದು ಮಗ್ಗದ ಸ್ವಿಚ್ಚು ಕೂಡ ಒತ್ತದೆ ಇಲ್ಲಿಗೆ ಬಂದಿದ್ದಾರೆ. ಯಜಮಾನರ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

ಅಪ್ಪ ಫ್ಯಾನ್ ನೋಡಿದ. ತುಂಬಿದ ಭವನ ನೋಡಿದ. ನನ್ನ ಮುಖ ನೋಡಿದ. ಅವನ ಮಗ್ಗಗಳೂ ನಿಂತೇ ಇದ್ದವು, ಈಗ ಖರೆ ಹೇಳಿ ಎಲ್ಲರನ್ನೂ ಎಬ್ಬಿಸುತ್ತಾನೆ ಎಂದುಕೊಂಡೆ. ಅವನು ಎದ್ದು ಗೋಡೆಯ ಹತ್ತಿರ ಹೋದ, ಸದ್ದಿಲ್ಲದೆ ಫ್ಯಾನ್ ಬಂದ್ ಮಾಡಿದ, ಬಂದು ಕೂತ.

"ಇನ್ನ ಭಾಳ ತಡಾ ಐತಂತ್ರಿ, ಕೂಡ್ರಿ," ಎಂದು ಯಜಮಾನರಿಗೆ ಹೇಳಿ ನನ್ನ ಕಡೆ ತಿರುಗಿದ. "ನೀ ಇನ್ನೊಂದ ನುಡಸವಾ."