ಹನ್ನೊಂದು ತಿಂಗಳ ಗೊಬ್ಬರ

ಇಷ್ಟಕ್ಕೆಲ್ಲ ಕಾರಣ ಒಂದು ಮೊಳ ನೈಲಾನ್ ದಾರ.

2016ರ ನವೆಂಬರಿನ ಒಂದು ಶನಿವಾರ ಬೆಳಿಗ್ಗೆ, ಅಮೆರಿಕದ ಕೇಟಿ ಊರಿನ ತನ್ನ ಮನೆಯ ಹಿತ್ತಲಲ್ಲಿ ಸಂಗಮೇಶ್ ಗೊಬ್ಬರ ಜರಡಿ ಹಿಡಿಯುತ್ತಿದ್ದಾಗ ಆ ದಾರ ಬಲೆಗೆ ಸುತ್ತಿಕೊಂಡಿತು. ಎಳೆದ. ಅದರ ಹಿಂದೆ ಇನ್ನೊಂದು ಮೊಳ ಬಂತು, ಅದಕ್ಕಂಟಿಕೊಂಡು ದೀಪಾವಳಿಯ ಕರಕಲು ಬತ್ತಿಯೂ ಬಂತು. ಸಂಗಮೇಶನ ಕಿವಿ ಕೆಂಪಾಯಿತು.

ಸಿಟ್ಟು ಬರದೆ ಏನು? ಹನ್ನೊಂದು ತಿಂಗಳು ತರಕಾರಿ ಸಿಪ್ಪೆ, ಒಣಗಿದ ಎಲೆ, ಚಹಾದ ಚರಟ ಕೂಡಿಹಾಕಿ, ವಾರಕ್ಕೊಮ್ಮೆ ತಿರುವಿ, ಬೆವರು ಸುರಿಸಿ ಮಾಡಿದ ಗೊಬ್ಬರ ಅದು. ಅಲ್ಲಿಯ ಜಿಗುಟು ಮಣ್ಣಿನಲ್ಲಿ ಹೋದ ಚಳಿಗಾಲ ಮೆಂತ್ಯ ಕೂಡ ತಲೆ ಎತ್ತಿರಲಿಲ್ಲ. ಧಾರವಾಡದಿಂದ ಬಂದಿದ್ದ ತಾಯಿ ನಿಂಗವ್ವ ಫೆಬ್ರುವರಿಗೆ ವಾಪಸು ಹೊರಡುವವಳು. ಅಷ್ಟರೊಳಗೆ ಹಿತ್ತಲಲ್ಲೇ ಬೆಳೆದ ಹಕ್ಕರಿಕೆ ಸೊಪ್ಪನ್ನು ರೊಟ್ಟಿಯ ಜೊತೆ ತಿನ್ನಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದ. ಇವತ್ತು ಪಾತಿಗೆ ಗೊಬ್ಬರ ಬೀಳಬೇಕು, ನಾಳೆ ಬೀಜ.

ದಾರ ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಿರಲಿಲ್ಲ. ಬೇಲಿಯಾಚೆಯ ಮನೆ ಉಡುಪಿಯ ಗೋಪಾಲಕೃಷ್ಣ ಅಂಕಲ್‌ದು. ದೇವರಿಗೆ ಏರಿಸಿದ ಹೂವನ್ನು ಕಸದ ಡಬ್ಬಿಗೆ ಹಾಕುವ ಹಾಗಿಲ್ಲ, ಬಿಡಲು ಹತ್ತಿರದಲ್ಲಿ ಹೊಳೆಯೂ ಇಲ್ಲ. ಹಾಗಾಗಿ ನಿವೃತ್ತರಾದ ಅವರು ದಿನಾ ಬೆಳಿಗ್ಗೆ ಸ್ಟೂಲ್ ಹತ್ತಿ, ಬೇಲಿಯ ಮೇಲಿಂದ ಕೈಚಾಚಿ ಸಂಗಮೇಶನ ಗೊಬ್ಬರದ ಡಬ್ಬಕ್ಕೆ ನಿರ್ಮಾಲ್ಯ ಸುರಿಯುತ್ತಿದ್ದರು. ಹೂವಷ್ಟೇ ಎಂದು ಹೇಳಿದ್ದರು.

"ಅಂಕಲ್! ಸ್ವಲ್ಪ ಇಲ್ಲಿ ಬರ್ರಿ!"

ಬೇಲಿಯ ಮೇಲೆ ಬೋಳುತಲೆಯೊಂದು ಎದ್ದಿತು. "ಎಂತ ಮಾರಾಯ್ರೆ, ಬೆಳಿಗ್ಗೆಯೇ ಬೊಬ್ಬೆ?"

"ಏನ್ರೀ ಇದು? ದಾರ, ಬತ್ತಿ! ಹೂವಷ್ಟ ಅಂದಿದ್ರೆಲ್ಲ?"

"ಒಂದು ದಾರಕ್ಕೆ ಇಷ್ಟು ಗಲಾಟೆಯಾ? ಜರಡಿ ಎಲ್ಲ ಯಾಕೆ? ಹಾಗೇ ಸುರಿದುಬಿಡಿ, ಮಣ್ಣಲ್ಲಿ ಮುಚ್ಚಿಹೋಗ್ತದೆ."

ಸಂಗಮೇಶನಿಗೆ ಸಿಟ್ಟು ಬಂದಾಗ ಸಮಾಧಾನ ಹೇಳುವುದೆಂದರೆ ಒಲೆ ಊದಿದ ಹಾಗೆ. ಅವನನ್ನು ಸುಮ್ಮನಿರಿಸಬಲ್ಲ ಒಬ್ಬಳೇ ಒಬ್ಬಳು, ಹೆಂಡತಿ ಮಧುಶ್ರೀ, ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಕೂಗಾಟ ಕೇಳಿ ಪಕ್ಕದ ಗೇಟಿನಿಂದ ಭಾನುಮತಿ ಆಂಟಿ, ಅಂಕಲ್‌ರ ಧರ್ಮಪತ್ನಿ, ಒದ್ದೆ ಕೈಯಲ್ಲೇ ಒಳಗೆ ನುಗ್ಗಿದರು.

"ದೇವರ ಹೂವು ನಿಮಗೆ ಕಸವಾ? ಇವರು ನನಗೆ ಮುಟ್ಟಲಿಕ್ಕೂ ಬಿಡದೆ ತಾವೇ ಚೀಲ ಕಟ್ಟಿ ತಂದು ಹಾಕ್ತಾರೆ, ಗೊತ್ತುಂಟಾ?"

"ಹಂಗಾರ ನೋಡೇ ಬಿಡೂಣು ಆಂಟಿ! ಪೂರಾ ಗೊಬ್ಬರ ನಿಮ್ಮ ಕಣ್ಣಮುಂದನ ಜರಡಿ ಹಿಡೀತೀನಿ!"

"ಬೇಡ ಮಾರಾಯ್ರೆ," ಅಂಕಲ್ ಗೋಗರೆದರು. "ತಪ್ಪಾಯ್ತು ಅಂತೇನೆ. ಬಿಟ್ಟುಬಿಡಿ."

ಬಿಡುವವನೇ ಅವನು? ಸಲಿಕೆ ತುಂಬಿ ತುಂಬಿ ಸುರಿದ. ಅಷ್ಟರಲ್ಲಿ ನಿಂಗವ್ವನೂ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹಿತ್ತಲಿಗೆ ಬಂದು ನಿಂತಳು.

ಮೂರನೆಯ ಜರಡಿಯಲ್ಲಿ ದಾರ ಬರಲಿಲ್ಲ. ಬಿಳಿಯ ಚೂರುಗಳು ಬಲೆಯ ಮೇಲೆ ಚರಚರ ಸದ್ದು ಮಾಡುತ್ತ ಉಳಿದವು. ಮೊಟ್ಟೆಯ ಸಿಪ್ಪೆ. ನಾಲ್ಕನೆಯದರಲ್ಲೂ ಅದೇ, ಬೊಗಸೆಗಟ್ಟಲೆ.

ನಿಂಗವ್ವನ ಮನೆತನದಲ್ಲಿ ಇದು ಹೊಸ್ತಿಲು ದಾಟಿದ್ದೇ ಇಲ್ಲ.

"ಸಂಗ್ಯಾ, ಏನಲೇ ಇದು?"

"ನನಗ ಗೊತ್ತಿಲ್ಲಬೇ."

"ಡಬ್ಬ ಯಾರ್ದು?"

"ನಂದ. ಆದ್ರ..."

"ಲಿಂಗಪೂಜಿ ಮಾಡೂ ತಾಯಿ ಮನಿಯಾಗ ಇರೂವಾಗ ತತ್ತಿ ತಿಂದು ಹಿತ್ತಲದಾಗ ಹುಗೀತೀ?"

"ರಾಮ ರಾಮ! ನಮ್ಮ ದೇವರ ಹೂವಿನ ಮೇಲೆ ಮೊಟ್ಟೆ ಸಿಪ್ಪೆ!" ಭಾನುಮತಿ ಆಂಟಿ ಕೆನ್ನೆ ಬಡಿದುಕೊಂಡರು. "ಮೇಲಿಂದ ನಮಗೇ ಜೋರು!"

ಮೈಯೆಲ್ಲ ಉರಿದುಹೋಯಿತು ಸಂಗಮೇಶನಿಗೆ. ಗೊಬ್ಬರ ಕೆಟ್ಟದ್ದು ಅವನದು, ಬೈಸಿಕೊಳ್ಳುವವನೂ ಅವನೇ! ಮಾಡದ ತಪ್ಪಿಗೆ ತಲೆ ಬಗ್ಗಿಸುವವ ಅವನಲ್ಲ. ಜರಡಿಯನ್ನು ನೆಲಕ್ಕೆ ಅಪ್ಪಳಿಸಿದ.

"ಇವು ನನ್ನವಲ್ಲಬೇ! ನಾ ತಿನ್ನೂವು ಕಂದು ತತ್ತಿ! ಅದೂ ಆಫೀಸಿನಾಗ! ಒಂದು ಸಿಪ್ಪಿನೂ ಮನೀಗೆ ತಂದಿಲ್ಲ!"

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು.

"ಅಂದ್ರ ತಿಂತೀ," ಎಂದಳು ನಿಂಗವ್ವ, ಮೆಲ್ಲಗೆ. "ಈ ಮಣ್ಣಾಗ ಬೆಳದದ್ದು ನನಗ ಬ್ಯಾಡ. ನೀ ಮುಟ್ಟಿದ್ದೂ ಬ್ಯಾಡ." ಗಾಜಿನ ಬಾಗಿಲು ದಢಾರನೆ ಮುಚ್ಚಿಕೊಂಡಿತು.

ಆಗ ಗೋಪಾಲಕೃಷ್ಣ ಅಂಕಲ್ ಸ್ಟೂಲ್ ಇಳಿದು, ಗೇಟು ದಾಟಿ ಮುಂದೆ ಬಂದರು. ಹಿರಿಯರ ಮನಸ್ಸಿಗೆ ನೋವಾಗಿದೆ, ಈ ಗೊಬ್ಬರ ಇಲ್ಲಿರುವುದೇ ಬೇಡ, ತಾನೇ ಒಯ್ದು ಗುಲಾಬಿಗೆ ಹಾಕಿಕೊಳ್ಳುತ್ತೇನೆ ಎಂದರು.

"ನೋಡಿ ಕಲೀರಿ, ದೊಡ್ಡ ಗುಣ ಅಂದ್ರೆ ಇದು," ಎಂದು ಭಾನುಮತಿ ಆಂಟಿ ಗಂಡನ ಕಡೆ ಹೆಮ್ಮೆಯಿಂದ ನೋಡಿ ಒಳಗೆ ಹೋದರು.

ಕೈಗಾಡಿ ಎಂಟು ಸಲ ಹೋಗಿ ಬಂತು. ಹನ್ನೊಂದು ತಿಂಗಳು ಮಧ್ಯಾಹ್ನದೊಳಗೆ ಖಾಲಿ. ಹಕ್ಕರಿಕೆ ಬೀಜದ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಸಂಗಮೇಶ್ ಬರೀ ಪಾತಿಯ ಪಕ್ಕ ಹಲ್ಲು ಕಡಿಯುತ್ತ ನಿಂತಿದ್ದ.

ಕೊನೆಯ ಸಲ ಅಂಕಲ್ ಬಿಳಿಯ ಸಿಪ್ಪೆಗಳನ್ನು ಒಂದೂ ಬಿಡದೆ ಆರಿಸಿ ಗಾಡಿಗೆ ಹಾಕಿಕೊಂಡರು. ಆಂಟಿ ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಕಿವಿಯ ಹತ್ತಿರ ಬಂದರು.

"ಅಲ್ಲ ಮಾರಾಯ್ರೆ, ನಾನು ಗರಾಜಿನಲ್ಲಿ ಕದ್ದು ಬೇಯಿಸುವುದೆಲ್ಲ ಬಿಳಿಯದೇ. ಆ ಕಂದು ಹೆಚ್ಚು ರುಚಿಯಾ?"