ಪಿಸ್ತೂಲಿನ ಪರ್ಮಿಟ್ಟು, ಮಾಲೀಕರ ಒಪ್ಪಿಗೆ

ಕಾಯುವುದರಲ್ಲಿ ನಮ್ಮಂಥವರು ಪಳಗಿದವರು. ವೀಸಾಕ್ಕೆ ಕಾದೆವು, ಗ್ರೀನ್ ಕಾರ್ಡಿಗೆ ಕಾದು ಕಾದು ತಲೆ ನರೆಯಿತು. ಆದರೆ ಪಿಸ್ತೂಲನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡುವ ಪರ್ಮಿಟ್ಟಿಗೆ ಕಾಯುವಾಗ ಆದಂಥ ಫಜೀತಿ ಬೇರೆ ಯಾವುದಕ್ಕೆ ಕಾದಾಗಲೂ ಆಗಿರಲಿಲ್ಲ.

ಪಿಸ್ತೂಲು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಮನೆ ಮೆಟುಚೆನ್ ಅನ್ನುವ ಊರಿನಲ್ಲಿ. ಸೀಕಾಕಸ್ ರೈಲ್ವೆ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಪುಟ್ಟ ಅಂಗಡಿ: ಕಾಫಿ, ಬೇಗಲ್ ಬ್ರೆಡ್ಡು, ಲಾಟರಿ ಟಿಕೆಟ್ಟು. ಅಂಗಡಿ ಹೆಂಡತಿಯ ಹೆಸರಿನಲ್ಲಿದೆ. ಟ್ಯಾಕ್ಸ್ ನೋಡುವವರು ಹಾಗೆ ಮಾಡಿಸಿ ಅಂದರು, ಮಾಡಿಸಿದೆ, ಮರೆತೂಬಿಟ್ಟೆ. ಒಂದು ಚಳಿಗಾಲದ ಸಂಜೆ ಮುಸುಕು ಹಾಕಿಕೊಂಡವನೊಬ್ಬ ಬಂದು ನನ್ನ ಎದೆಗೆ ಗನ್ ಹಿಡಿದು ಗಲ್ಲಾಪೆಟ್ಟಿಗೆ ಬಳಿದುಕೊಂಡು ಹೋದ. ನನಗೆ ಒಂದು ಗೀರೂ ಆಗಲಿಲ್ಲ. ಆದರೆ ಅವತ್ತಿನಿಂದ ಬಾಗಿಲಿಗೆ ಕಟ್ಟಿದ ಗಂಟೆ ಸದ್ದಾದರೆ ಸಾಕು, ಕೈ ನಡುಗಿ ಕಾಫಿ ಚೆಲ್ಲುತ್ತಿತ್ತು. ಹೆಂಡತಿ ತನ್ನ ಆಫೀಸು ಮುಗಿಸಿ ದಿನಾ ಸಂಜೆ ಬಂದು ನನ್ನ ಪಕ್ಕ ಕೂರತೊಡಗಿದಳು. ಈ ವಯಸ್ಸಿನಲ್ಲಿ ಹೆಂಡತಿ ಕಾವಲು ಕಾಯಬೇಕೆ ಅಂತ ನಾಚಿಕೆಯಾಗುತ್ತಿತ್ತು. ಅವಳು ಬರುವುದು ಸ್ವಲ್ಪ ತಡವಾದರೆ ಭಯವೂ ಆಗುತ್ತಿತ್ತು. ಸೊಂಟದಲ್ಲೊಂದು ಪಿಸ್ತೂಲಿದ್ದರೆ ಆ ಭಯ ಹೋದೀತು ಅಂದುಕೊಂಡೆ. ಅವಳು ಬೇಡ ಅಂದಳು. ನಾನು ಅರ್ಜಿ ಹಾಕಿದೆ.

೧. ನೆಂಟರು ಬೇಡ

ನನ್ನ ನಡತೆ ಒಳ್ಳೆಯದು ಅಂತ ಹೇಳಲು ನಾಲ್ಕು ಜನ ಬೇಕು, ಅವರು ಸಂಬಂಧಿಕರಾಗಿರಬಾರದು ಅನ್ನುವುದು ನಿಯಮ. ನಮ್ಮ ಕನ್ನಡದವರಲ್ಲೇ ನಾಲ್ವರ ಹೆಸರು ಕೊಟ್ಟೆ. ಕೆಲವು ವಾರಗಳ ಮೇಲೆ ಪೊಲೀಸ್ ಡಿಟೆಕ್ಟಿವ್ ಫೋನ್ ಮಾಡಿದ.

"ಸರ್, ಸಂಬಂಧಿಕರು ಬೇಡ ಅಂತ ಸ್ಪಷ್ಟವಾಗಿ ಹೇಳಿದ್ದೆವು. ಒಬ್ಬ ಹೆಂಗಸು ನೀವು ಅವರ ತಮ್ಮ ಅಂತಾರೆ. ಒಬ್ಬ ಹಿರಿಯರು ನೀವು ಅವರ ಮಗ ಅಂತಾರೆ. ಮೂರನೆಯವರು ನೀವು ಅವರ ಮನೆಯವರೇ ಅಂತಾರೆ."

"ನಾಲ್ಕನೆಯವರು?"

"ಊಟ ಆಯ್ತಾ ಅಂತ ನನ್ನನ್ನೇ ವಿಚಾರಿಸಿದರು."

ನಮ್ಮಲ್ಲಿ ಯಾರನ್ನಾದರೂ ಹೊಗಳಬೇಕಾದರೆ ಮೊದಲು ಅವರನ್ನು ಮನೆಯವರನ್ನಾಗಿ ಮಾಡಿಕೊಳ್ಳುತ್ತೇವೆ, ಆಮೇಲೇ ಹೊಗಳುವುದು ಅಂತ ವಿವರಿಸಿದೆ. ಅವನು ಕೇಳಿದ: "ನಿಮಗೂ ತನಗೂ ಯಾವ ಸಂಬಂಧವೂ ಇಲ್ಲ ಅನ್ನುವವರು ಒಬ್ಬರಾದರೂ ಇದ್ದಾರಾ?"

"ಇದ್ದಾನೆ, ರಾಬಿನ್ಸ್‌ವಿಲ್‌ನಲ್ಲಿ," ಅಂದೆ. "ನನ್ನ ಒಡಹುಟ್ಟಿದ ತಮ್ಮ."

೨. ಬರಿಗೈಯಲ್ಲಿ ಹೋಗಬಾರದು

ಹೊಸ ಹೆಸರುಗಳನ್ನು ಕೊಟ್ಟ ಮೇಲೆ ಇಂಟರ್‌ವ್ಯೂಗೆ ಕರೆ ಬಂತು. ಪಿಸ್ತೂಲು ಬೇಡವೇ ಬೇಡ ಅನ್ನುತ್ತಿದ್ದ ಹೆಂಡತಿ, ನಾನು ಹೊರಡುವಾಗ ಒಂದು ಡಬ್ಬಿ ಚಕ್ಕುಲಿ ಕೈಗಿಟ್ಟಳು. "ಪರ್ಮಿಟ್ ಕೊಡ್ಲಿ ಬಿಡ್ಲಿ, ಒಬ್ರನ್ನ ನೋಡೋಕೆ ಹೋಗುವಾಗ ಬರಿಗೈಲಿ ಹೋಗ್ತಾರಾ?"

ಡಬ್ಬಿಯನ್ನು ಡಿಟೆಕ್ಟಿವ್‌ನ ಮೇಜಿನ ಮೇಲಿಟ್ಟೆ. ಅವನು ಬೇಡ ಅಂದ. ಬೇಡ ಅಂದವರಿಗೆ ಇನ್ನೊಮ್ಮೆ ಒತ್ತಾಯ ಮಾಡಬೇಕಲ್ಲ, ಮಾಡಿದೆ. ಅವನು ಪೆನ್ನಿನ ತುದಿಯಿಂದ ಡಬ್ಬಿಯನ್ನು ನನ್ನ ಕಡೆ ತಳ್ಳಿದ. ಸಂಕೋಚ ಜಾಸ್ತಿ, ಪಾಪ, ಅಂದುಕೊಂಡು ಮುಚ್ಚಳ ತೆಗೆದು, "ಒಂದೇ ಒಂದು, ನನಗೋಸ್ಕರ" ಅಂತ ಮುಖದ ಹತ್ತಿರ ಹಿಡಿದೆ. ಅವನ ಕುರ್ಚಿ ಹಿಂದೆ ಸರಿಯುತ್ತಾ ಗೋಡೆಗೆ ತಾಗಿತು.

"ಸರ್," ಅಂದ, ದನಿ ತಗ್ಗಿಸಿ, "ಪೊಲೀಸ್ ಸ್ಟೇಷನ್ನಿನಲ್ಲಿ ಕೂತು, ಕ್ಯಾಮೆರಾದ ಮುಂದೆ, ನನಗೆ ಲಂಚ ಕೊಡುತ್ತಿದ್ದೀರಾ?"

ಡಬ್ಬಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೇ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಮನೆಗೆ ಬಂದು, ಅರೆಸ್ಟ್ ಆಗುವುದರಲ್ಲಿದ್ದೆ ಕಣೇ ಅಂದರೆ, ಹೆಂಡತಿ ತುಂಬಿದ ಡಬ್ಬಿಯನ್ನೇ ನೋಡುತ್ತಿದ್ದಳು.

"ಉಪ್ಪು ಜಾಸ್ತಿಯಾಗಿತ್ತೇನ್ರೀ?"

೩. ಕಣ್ಣಿಗೊತ್ತಿಕೊಂಡದ್ದು

ಉತ್ತರ ಬರುವಷ್ಟರಲ್ಲಿ ಗುರಿ ಹೊಡೆಯುವ ತರಬೇತಿಯನ್ನೂ ಮುಗಿಸಬೇಕಿತ್ತು. ಹೆಂಡತಿಯೇ ಡ್ರೈವ್ ಮಾಡಿ ಕರೆದುಕೊಂಡು ಹೋಗಿ, ಹಿಂದಿನ ಬೆಂಚಿನಲ್ಲಿ ಕೂತಳು. ಕಲಿಸುವವನು ಸೈನ್ಯದಲ್ಲಿದ್ದು ಬಂದ ಕಟ್ಟುಮಸ್ತಾದ ಆಸಾಮಿ. ಪಾಠ ಶುರುವಾದದ್ದೇ ಹೀಗೆ: ಕೊಲ್ಲಲು ಇಷ್ಟವಿಲ್ಲದ ಯಾವುದರ ಕಡೆಗೂ ಪಿಸ್ತೂಲಿನ ಮೂತಿ ತಿರುಗಿಸಬೇಡಿ. ಆಮೇಲೆ ಇನ್ನೂ ಎಷ್ಟೋ ಹೇಳಿದ: ಬೇರೆಯವರ ಜಾಗಕ್ಕೆ ಒಯ್ಯುವ ಮೊದಲು ಮಾಲೀಕರ ಒಪ್ಪಿಗೆ ಕೇಳಿ, ಹೀಗೆ. ಎಲ್ಲದಕ್ಕೂ ತಲೆಯಾಡಿಸಿದೆ.

ಕೊನೆಗೆ ಗುಂಡಿಲ್ಲದ ಪಿಸ್ತೂಲನ್ನು ನನ್ನ ಕೈಗೆ ಕೊಟ್ಟ. ಹೊಸ ಉಪಕರಣ ಕೈಗೆ ಬಂದರೆ ಏನು ಮಾಡುತ್ತೇವೆ? ಚಿಕ್ಕಂದಿನಿಂದ ಪುಸ್ತಕಕ್ಕೆ, ಸ್ಕೂಟರಿನ ಕೀಲಿಗೆ, ಲಾಟರಿ ಮೆಷಿನ್ನಿಗೆ ಮಾಡಿದ್ದನ್ನೇ ಮಾಡಿದೆ. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ. ಮೂತಿ ನನ್ನ ಹಣೆಗೇ.

ಅವನು ಕೂಗಿದ ಕೂಗಿಗೆ ಆಚೆ ಸಾಲಿನವರೆಲ್ಲ ನೆಲಕ್ಕೆ ಬಿದ್ದರು. ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಉಸಿರು ಹತೋಟಿಗೆ ಬಂದ ಮೇಲೆ, ಏನು ಮಾಡುತ್ತಿದ್ದೆ ಅಂತ ಕೇಳಿದ. ನಮಸ್ಕಾರ ಅಂತ ಹೇಳಿದೆ.

"ಇಷ್ಟು ವರ್ಷದಲ್ಲಿ," ಅಂದ ಅವನು, "ಕಳ್ಳನಿಗೆ ಕೆಲಸವೇ ಇಲ್ಲದ ಹಾಗೆ ಮಾಡುವವನನ್ನು ಇವತ್ತೇ ನೋಡಿದ್ದು."

ಎಲ್ಲರೂ ನಕ್ಕರು. ಹಿಂದಿನ ಬೆಂಚಿನವಳು ಮಾತ್ರ ನಗಲಿಲ್ಲ. 

೪. ಮಾಲೀಕರು

ಕೊನೆಗೂ ಪರ್ಮಿಟ್ ಬಂತು. ಅದನ್ನು ಜೇಬಿನಲ್ಲಿಟ್ಟುಕೊಂಡು, ಕೊಂಡಿಟ್ಟಿದ್ದ ಪಿಸ್ತೂಲನ್ನು ಮನೆಯ ಲಾಕರಿನಲ್ಲೇ ಬಿಟ್ಟು ಅಂಗಡಿಗೆ ಹೋದೆ. ಹೆಂಡತಿ ಕೌಂಟರಿನ ಹಿಂದೆ ಕೂತಿದ್ದಳು.

"ನಾಳೆಯಿಂದ ನೀನು ಬರೋದು ಬೇಡ," ಅಂದೆ, "ಸೊಂಟದಲ್ಲಿ ಇಟ್ಕೊಂಡೇ ಬರ್ತೀನಿ."

"ಮಾಲೀಕರ ಒಪ್ಪಿಗೆ ಕೇಳಬೇಕು ಅಂದಿದ್ರಲ್ಲ ಮೇಷ್ಟ್ರು?"

"ಮಾಲೀಕ ನಾನೇ ಅಲ್ವೇನೆ?"

ಅವಳು ಗೋಡೆಗೆ ತೂಗುಹಾಕಿದ್ದ ಅಂಗಡಿ ಲೈಸೆನ್ಸಿನ ಕಡೆ ಗದ್ದ ಎತ್ತಿ ತೋರಿಸಿದಳು. ಅದರಲ್ಲಿದ್ದದ್ದು ಅವಳ ಹೆಸರು.

"ನಾನು ಒಪ್ಪಲ್ಲ," ಅಂದಳು. "ಆ ಕಳ್ಳ ಬಂದ ದಿನ ನಿಮ್ಮ ಹತ್ರಾನೂ ಒಂದು ಇದ್ದಿದ್ರೆ ನೀವು ಅದಕ್ಕೆ ಕೈ ಹಾಕ್ತಿದ್ರಿ, ಅವನು ಗುಂಡು ಹೊಡೀತಿದ್ದ. ನಾನು ಇವತ್ತು ಇಲ್ಲಿ ಒಬ್ಳೇ ಕೂತಿರ್ತಿದ್ದೆ. ಭಯ ನಿಮಗೊಬ್ರಿಗೇ ಅಂದ್ಕೊಂಡ್ರಾ?"

ಅವಳಿಗೂ ಭಯವಿದ್ದದ್ದು, ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ, ನನಗೆ ತಿಳಿದಿರಲಿಲ್ಲ. ಆದರೂ ಬಿಡಲಿಲ್ಲ. ಇಷ್ಟು ಕಾದದ್ದು ದಂಡವೇ, ಪೊಲೀಸರೇ ಕೊಟ್ಟದ್ದನ್ನು ನೀನು ಕೊಡಲ್ಲವೇ ಅಂತ ದನಿ ಏರಿಸಿ ವಾದಿಸಿದೆ. ನಡುವೆ ಯಾರೋ ಬಂದರು, ಹಲೋ ಅಂದೆ, ಕಾಫಿ ಬಗ್ಗಿಸಿಕೊಟ್ಟೆ, ಚಿಲ್ಲರೆ ಕೊಟ್ಟೆ, ಮತ್ತೆ ವಾದಕ್ಕಿಳಿದೆ. ಹೆಂಡತಿ ಕೌಂಟರನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಬಾಗಿಲ ಗಂಟೆ ಬಾರಿಸಿದ್ದೂ ನನ್ನ ಗಮನಕ್ಕೆ ಬಂದಿರಲಿಲ್ಲ. ಒಂದು ಹನಿ ಕಾಫಿಯೂ ಚೆಲ್ಲಿರಲಿಲ್ಲ.

ಅವಳು ಮೂಗು ಒರೆಸಿಕೊಂಡು ಗತ್ತಿನಿಂದ ಹೇಳಿದಳು: "ಬೇಕೇ ಬೇಕು ಅಂದ್ರೆ ನನಗೆ ಅರ್ಜಿ ಹಾಕಿ. ನಾಲ್ಕು ಜನ ನಿಮ್ಮ ಬಗ್ಗೆ ಒಳ್ಳೇದು ಹೇಳ್ಬೇಕು. ನೆಂಟರು ನಡೆಯಲ್ಲ."

"ಉತ್ತರ ಯಾವಾಗ?"

"ಕಾಯ್ತಾ ಇರಿ."

ಕಾಯುತ್ತಿದ್ದೇನೆ. ಪೊಲೀಸರಂತಲ್ಲ, ಈ ಕಚೇರಿಯಲ್ಲಿ ಲಂಚ ಧಾರಾಳವಾಗಿ ನಡೆಯುತ್ತದೆ. ದಿನಾ ಸಂಜೆ ನಾನೇ ಕಾಫಿ ಮಾಡಿ ಕೊಡುತ್ತೇನೆ, ಜೊತೆಗೊಂದು ಚಕ್ಕುಲಿ. ಪಕ್ಕದಲ್ಲೇ ಕೂತು ಎಲ್ಲವನ್ನೂ ಸ್ವೀಕರಿಸುತ್ತಾಳೆ. ಅರ್ಜಿ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ, ನನಗೂ ಅವಸರವಿಲ್ಲ.