ಗುಡ್ಡಪ್ಪ ನಕ್ಕ ದಿನ

ಎಲ್ಲಕ್ಕೂ ಮೂಲ ಅರ್ಧ ಹಲ್ಲು.

ಗುಡ್ಡಪ್ಪ ಸಾಲೆಗೆ ಹೋಗುವ ಹುಡುಗನಾಗಿದ್ದಾಗ, ಓಣಿಯ ಬೋರಿಂಗಿನಲ್ಲಿ ನೀರು ಹೊಡೆಯುವಾಗ ಹಿಡಿಕೆ ಕೈಜಾರಿ ಮೇಲೆ ಹಾರಿ ಬಾಯಿಗೆ ಬಡಿದಿತ್ತು. ಮೇಲಿನ ಸಾಲಿನ ಮುಂದಿನ ಹಲ್ಲು ಅಡ್ಡಕ್ಕೆ ಮುರಿದು ಅರ್ಧವೇ ಉಳಿಯಿತು. ಜೊತೆಯ ಹುಡುಗರು ನಾಲ್ಕು ದಿನ ನಕ್ಕು ಮರೆತರು. ಗುಡ್ಡಪ್ಪ ಮರೆಯಲಿಲ್ಲ. ಮೇಲ್ದುಟಿಯನ್ನು ಕೆಳಗೆಳೆದುಕೊಂಡೇ ಮಾತಾಡುವುದನ್ನು ಕಲಿತ. ನಗು ಬಂದರೆ ಮೂಗಿನಿಂದ ಉಸಿರು ಬಿಟ್ಟು ಮುಗಿಸುತ್ತಿದ್ದ. ದೊಡ್ಡವನಾದ ಮೇಲೆ ಮೀಸೆಯನ್ನು ಅಂಗಡಿಯ ಪರದೆಯಂತೆ ತುಟಿಯ ಮೇಲೆ ಇಳಿಬಿಟ್ಟ. ಹೀಗಾಗಿ ಆ ಹಲ್ಲು ಮುರಿದದ್ದು ಹೆಂಡತಿ ಉಡಚವ್ವನೊಬ್ಬಳನ್ನು ಬಿಟ್ಟರೆ ಸವಣೂರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈ ಮುಚ್ಚಿದ ಬಾಯಿ ಅವನಿಗೆ ಕೇಳದೆಯೇ ಒಂದು ಹೆಸರು ತಂದುಕೊಟ್ಟಿತು. ಬಸ್ ಸ್ಟ್ಯಾಂಡಿನ ಹಿಂದೆ ಅವನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪಿನ ಮೋಟರುಗಳನ್ನು ಬಿಚ್ಚಿ, ಕರಕಲಾದ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತುತ್ತ ಗಂಭೀರವಾಗಿ ಕೂತಿರುತ್ತಿದ್ದ. ಜಗಳವಾಡಿದವರು ಅಲ್ಲಿಗೆ ಬಂದು ಅವನೆದುರು ತಮ್ಮ ತಮ್ಮ ಮಾತು ಹೇಳಿಕೊಳ್ಳುವ ರೂಢಿ ಯಾವಾಗಲೋ ಬಿದ್ದಿತ್ತು. ಅವನು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡುತ್ತಿದ್ದ. ಇಬ್ಬರೂ ಮಾತಾಡಿ ದಣಿದು, ಅವನ ಮುಖದಲ್ಲಿ ತಮಗೆ ತಿಳಿದದ್ದನ್ನು ಓದಿಕೊಂಡು ಎದ್ದುಹೋಗುತ್ತಿದ್ದರು. ಇಷ್ಟು ವರ್ಷಗಳಲ್ಲಿ ತಾನು ಒಂದು ತೀರ್ಪನ್ನೂ ಹೇಳಿಲ್ಲವಲ್ಲ ಎಂದು ಗುಡ್ಡಪ್ಪನಿಗೇ ಒಮ್ಮೊಮ್ಮೆ ಅನಿಸಿದ್ದುಂಟು. ಹೇಳು ಎಂದು ಯಾರೂ ಕೇಳಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಅರ್ಧ ಹಲ್ಲಿನ ಮೇಲಿನ ವಸಡು ಬಾತುಕೊಂಡಿತು. ಹಾವೇರಿಯಲ್ಲಿ ನರ್ಸಿಂಗ್ ಓದುವ ಮಗಳು ರಾಜಶ್ರೀ ಊರಿಗೆ ಬಂದಾಗ ಹಟ ಹಿಡಿದು ಅಪ್ಪನನ್ನು ಹಲ್ಲಿನ ಡಾಕ್ಟರ್ ನುಜಹತ ಅವರ ಹತ್ತಿರ ಕರೆದೊಯ್ದಳು. ಡಾಕ್ಟರು ಎಕ್ಸರೇ ತೋರಿಸಿ, ಹಲ್ಲಿನ ನರ ಸತ್ತು ಎಷ್ಟೋ ವರ್ಷವಾಗಿದೆ, ಈಗ ಬೇರಿನ ತುದಿಯಲ್ಲಿ ಕೀವು ನಿಂತಿದೆ ಎಂದರು. ಎರಡು ಮೂರು ಸಲ ಕೂರಿಸಿ ಬೇರಿನ ಒಳಗಿನದನ್ನೆಲ್ಲ ಕೆರೆದು ತೊಳೆದು ತುಂಬಿದರು. ನೋವು ಹೋಯಿತು. ನೋವು ಹೋದ ಮೇಲೆ ಇನ್ನೇನು ಎಂದು ಗುಡ್ಡಪ್ಪ ಎದ್ದು ನಿಂತರೆ, ಡಾಕ್ಟರು ಮತ್ತೆ ಕೂರಿಸಿದರು. ಹೀಗೆ ನರ ತೆಗೆದ ಹಲ್ಲು, ಅದರಲ್ಲೂ ಅರ್ಧ ಮುರಿದದ್ದು, ಒಣಗಿದ ಕಡ್ಡಿ ಇದ್ದಂತೆ. ಮೇಲೊಂದು ಕ್ಯಾಪ್ ಹಾಕದಿದ್ದರೆ ಒಂದು ದಿನ ಬುಡಕ್ಕೇ ಮುರಿಯುತ್ತದೆ ಎಂದು ಬಿಡಿಸಿ ಹೇಳಿದರು. ಉಳಿದ ಹಲ್ಲನ್ನು ಒಳಗೊಂದು ಕಡ್ಡಿ ಕೂರಿಸಿ ಕಟ್ಟಿ, ಸುತ್ತಲೂ ಸಣ್ಣಗೆ ಉಜ್ಜಿ ಗೂಟದ ಹಾಗೆ ಮಾಡಬೇಕು, ಅಳತೆ ತೆಗೆದುಕೊಂಡು ಹುಬ್ಬಳ್ಳಿಗೆ ಕಳಿಸಬೇಕು, ಅಲ್ಲಿಂದ ಕ್ಯಾಪ್ ಆಗಿ ಬರುವ ತನಕ ತಾತ್ಕಾಲಿಕದ್ದೊಂದು ಅಂಟಿಸಿರಬೇಕು.

ಸವೆದ ಶಾಫ್ಟನ್ನು ಉಜ್ಜಿ ಬುಷ್ ಕೂರಿಸಿದಂತೆ ಎಂದು ಗುಡ್ಡಪ್ಪನಿಗೆ ಅರ್ಥವಾಯಿತು. ಡಾಕ್ಟರು ಬಣ್ಣಬಣ್ಣದ ಹಲ್ಲುಗಳ ಸಣ್ಣ ಪಟ್ಟಿ ತಂದು, ಕಿಟಕಿಯ ಬೆಳಕಿಗೆ ಅವನ ಮುಖ ತಿರುಗಿಸಿ, ಪಕ್ಕದ ಹಲ್ಲಿಗೆ ಸರಿಹೊಂದುವುದನ್ನು ಹುಡುಕಿದರು. ಮೀಸೆಯಲ್ಲಿ ಏನೂ ಕಾಣುವುದಿಲ್ಲವೆಂದು ಅದನ್ನೂ ಕತ್ತರಿಸಿಕೊಂಡು ಬರಲು ಹೇಳಿದರು. ಕೊನೆಗೆ ಅವರು ಹೇಳಿದ ಮಾತು ಅವನ ಎದೆಗೆ ನಾಟಿತು: “ಕಾಕಾ, ನೀವು ಬಾಯಿ ತುಂಬ ನಕ್ರೂ ಇದು ಕ್ಯಾಪ್ ಅಂತ ಯಾರಿಗೂ ಗೊತ್ತಾಗೂದಿಲ್ಲ.”

ಹುಬ್ಬಳ್ಳಿಯಿಂದ ಕ್ಯಾಪ್ ಬಂದ ದಿನ, ಮೀಸೆ ಕತ್ತರಿಸಿಕೊಂಡು ಹೋದ ಗುಡ್ಡಪ್ಪನಿಗೆ ಬೆಳಿಗ್ಗೆಯೇ ಅದು ಕೂತಿತು. ನೀಲಿ ಕಾಗದ ಕಚ್ಚಿಸಿ, ಎತ್ತರವಾದ ಕಡೆ ಉಜ್ಜಿ, ಡಾಕ್ಟರು ಅಂಟು ಹಾಕಿ ಒತ್ತಿ ಹಿಡಿದರು. ಮುಂದಿನ ಹಲ್ಲಿನಿಂದ ತಂತಿ ಕಚ್ಚಿ ಎಳೆಯಬಾರದು, ವಸಡಿನ ಅಂಚಿನಲ್ಲಿ ಚೆನ್ನಾಗಿ ಉಜ್ಜಬೇಕು, ಕ್ಯಾಪಿಗೆ ಹುಳ ಹಿಡಿಯದಿದ್ದರೂ ಅದರ ಒಳಗಿನ ಹಲ್ಲಿಗೆ ಹಿಡಿಯುತ್ತದೆ ಎಂದರು. ಆಮೇಲೆ ಕನ್ನಡಿ ಕೊಟ್ಟರು. ಗುಡ್ಡಪ್ಪ ಕನ್ನಡಿಯಲ್ಲಿ ತನ್ನ ನಗುವನ್ನು ತಾನೇ ಮೊದಲ ಸಲ ನೋಡಿದ. ಕಣ್ಣಲ್ಲಿ ನೀರು ಬಂತು. ಡಾಕ್ಟರು ನೋವಾಯಿತೇ ಎಂದು ಕೇಳಿದರು.

ಹೊರಗೆ ಬಂದವನೇ ಮೆಟ್ಟಿಲಿಳಿದು ಕೆಳಗಿನ ಶಂಕ್ರಪ್ಪನ ಚಹಾದಂಗಡಿಗೆ ಹೋಗಿ ಬಾಯಿ ತುಂಬ ನಕ್ಕ. ಊರಿನ ಸುದ್ದಿಯೆಲ್ಲ ಚಹಾದ ಜೊತೆಗೇ ಸೋಸುವ ಶಂಕ್ರಪ್ಪ ಕೈಯಲ್ಲಿದ್ದ ಕಪ್ಪನ್ನು ಅಲ್ಲೇ ಇಟ್ಟ. ಇಷ್ಟು ವರ್ಷ ನಗದವನು ಇಂದು ನಗುತ್ತಾನೆಂದರೆ ಕಾರಣ ಸಣ್ಣದಿರಲಾರದು. ಅವನು ಮೆಲ್ಲಗೆ, ಬೀಗರು ಯಾವ ಊರಿನವರು ಎಂದು ಕೇಳಿದ. ಗುಡ್ಡಪ್ಪ ಇಲ್ಲ ಎಂದು ತಲೆಯಾಡಿಸಿ ಮತ್ತೂ ನಕ್ಕ. ಹೊಸ ಹಲ್ಲಿಗೆ ಬಿಡುವು ಕೊಡಲು ಮನಸ್ಸಾಗುತ್ತಿರಲಿಲ್ಲ. ಶಂಕ್ರಪ್ಪನಿಗೆ ಅದೇ ಉತ್ತರವಾಯಿತು.

ಮಧ್ಯಾಹ್ನ ಉಡಚವ್ವ ಬುತ್ತಿ ಹಿಡಿದು ಅಂಗಡಿಗೆ ಬಂದಾಗ ಅವಳ ಮುಖ ಕಾದ ಹಂಚಿನಂತಿತ್ತು. ದಾರಿಯಲ್ಲಿ ಮೂವರು ಅವಳಿಗೆ ಮಗಳ ಮದುವೆ ನಿಶ್ಚಯವಾದದ್ದಕ್ಕೆ ಸಂತೋಷ ಹೇಳಿದ್ದರು. ಒಬ್ಬಳು ಹುಡುಗನದು ಹಿರೇಕೆರೂರು, ಗೋವಿನಜೋಳದ ವ್ಯಾಪಾರ ಎಂದೂ ತಿಳಿಸಿದ್ದಳು. ಗುಡ್ಡಪ್ಪ ಅವಳನ್ನು ಸಮಾಧಾನ ಮಾಡಲು ಒಳ್ಳೆಯ ನಗೆ ನಕ್ಕ.

“ನಗಬ್ಯಾಡ್ರಿ,” ಎಂದಳು ಉಡಚವ್ವ. “ಹಲ್ಲು ಚಲೋ ಕುಂತೈತಿ, ಅದು ನನಗ ಕಾಣ್ತೈತಿ. ಹಡದಾಕಿಗೆ ಒಂದ್ ಮಾತು ಹೇಳದ ಮಗಳನ್ನ ಯಾರಿಗೆ ಕೊಟ್ರಿ, ಅದನ್ನಷ್ಟು ಹೇಳ್ರಿ.”

ಯಾರಿಗೂ ಕೊಟ್ಟಿಲ್ಲವೆಂದು ನಂಬಿಸಲು ರಾಜಶ್ರೀಗೇ ಫೋನು ಹಚ್ಚಬೇಕಾಯಿತು. ಅವಳು ತರಗತಿಯಲ್ಲಿದ್ದಳು, ಅಷ್ಟರಲ್ಲಿ ಅವಳಿಗೂ ಯಾರೋ ಸಂದೇಶ ಕಳಿಸಿ ಶುಭ ಹೇಳಿದ್ದರು. ಅವ್ವ ಮಗಳು ಇಬ್ಬರೂ ಒಂದೇ ಫೋನಿನಲ್ಲಿ ಅತ್ತರು. ಬುತ್ತಿ ಬಿಚ್ಚುವಾಗ ಗುಡ್ಡಪ್ಪನ ನಗು ಅರ್ಧಕ್ಕೆ ಇಳಿದಿತ್ತು.

ಸಂಜೆಗೆ ಅನೀಸ ಮತ್ತು ಅಕೀಬ ಬರುವವರಿದ್ದರು. ಅಣ್ಣತಮ್ಮಂದಿರು. ತಂದೆಯದು ಊರಿಗೆ ಹೆಸರು ತಂದ ಕುರುಕಲು ತಿಂಡಿ, ಸವಣೂರು ಖಾರದ ಹಳೆಯ ಅಂಗಡಿ. ತಂದೆ ತೀರಿಕೊಂಡ ಮೇಲೆ ಇಬ್ಬರೂ ಬೇರೆಯಾಗಿ, ರಸ್ತೆಯ ಆ ಕಡೆ ಒಂದು, ಈ ಕಡೆ ಒಂದು ಅಂಗಡಿ ಇಟ್ಟಿದ್ದರು. ಮಾತು ಬಿಟ್ಟಿದ್ದರು. ತಾಯಿ ಬಾನುಬಿ ಒಂದು ಹೊತ್ತು ಇವನ ಮನೆಯಲ್ಲಿ, ಒಂದು ಹೊತ್ತು ಅವನ ಮನೆಯಲ್ಲಿ ಉಂಡು, ಎರಡೂ ಕಡೆ ಹೊಟ್ಟೆ ತುಂಬದೆ ಏಳುತ್ತಿದ್ದಳು. ಎಲ್ಲ ಪಾಲಾಗಿತ್ತು. ಪಾಲಾಗದೆ ಉಳಿದದ್ದು ತಂದೆ ಖಾರ ಕರಿಯುತ್ತಿದ್ದ ದೊಡ್ಡ ಕಡಾಯಿ ಒಂದೇ. ಅದನ್ನು ಆಟೋದಲ್ಲಿ ಹಾಕಿಕೊಂಡೇ ಬಂದರು. ಅಂಗಡಿಯ ನಡುವೆ ಇಳಿಸಿದಾಗ ಒಳಗೆ ನಿಲ್ಲಲು ಜಾಗ ಉಳಿಯಲಿಲ್ಲ. ಬಾಗಿಲ ಹೊರಗೆ ಶಂಕ್ರಪ್ಪನೂ ಇನ್ನು ಕೆಲವರೂ ಸೇರಿದರು.

ಅಪ್ಪನ ಕೈರುಚಿ ಈ ಕಡಾಯಿಯಲ್ಲಿದೆ, ಹಿರಿಯನಿಗೆ ಇದು ಸೇರಬೇಕು ಎಂದು ಅನೀಸ ಶುರುಮಾಡಿದ. ರುಚಿ ಇದ್ದದ್ದು ಕರಿದದ್ದನ್ನು ಎತ್ತುವ ಜಾರಿ ಸೌಟು ಹಿಡಿದ ಕೈಯಲ್ಲಿ, ಹಿಡಿದವನು ನಾನು ಎಂದು ಅಕೀಬ. ಇದಕ್ಕೆ ಸಾಕ್ಷಿಯಾಗಿ ಅವನು ತೋಳೇರಿಸಿ, ಎಣ್ಣೆ ಸಿಡಿದು ಸುಟ್ಟ ಕಲೆ ತೋರಿಸಿದ. ಅನೀಸ ತನ್ನ ಮೊಣಕೈಯ ಮೇಲಿನ, ಅದಕ್ಕಿಂತ ದೊಡ್ಡ ಕಲೆ ತೋರಿಸಿದ. ಅಕೀಬ ಲುಂಗಿ ಎತ್ತಿ ಮೊಣಕಾಲು ಮುಂದೆ ಮಾಡಿದ. ಅನೀಸ ಬೆನ್ನ ಮೇಲೆ ಇದ್ದದ್ದನ್ನು ತೋರಿಸಲು ಅಂಗಿ ಕಳಚತೊಡಗಿದ. ಗುಂಡಿ ಸಿಕ್ಕಿಕೊಂಡು ಅಂಗಿ ತಲೆಯ ಮೇಲೆ ನಿಂತಿತು. ಒಳಗಿನಿಂದ ಅವನು, ಇದು ಅಪ್ಪ ನೋಡಿ ಅತ್ತ ಕಲೆ ಎಂದು ಕೂಗುತ್ತಿದ್ದ. ಅಕೀಬ ಲುಂಗಿ ಎತ್ತಿಕೊಂಡೇ ಆ ಬೆನ್ನನ್ನು ಬೆಳಕಿಗೆ ತಿರುಗಿಸಿ ಪರೀಕ್ಷಿಸುತ್ತಿದ್ದ.

ಗುಡ್ಡಪ್ಪ ನಕ್ಕುಬಿಟ್ಟ.

ಇದು ಮುಂಜಾನೆಯಂತೆ ಹಲ್ಲು ತೋರಿಸಲು ನಕ್ಕದ್ದಲ್ಲ. ಹುಡುಗನಾಗಿದ್ದಾಗಿನಿಂದ ಮೂಗಿನಲ್ಲೇ ಮುಗಿದ ನಗುವೆಲ್ಲ ಈಗ ದಾರಿ ತೆರೆದದ್ದು ತಿಳಿದು ಒಮ್ಮೆಲೇ ನುಗ್ಗಿಬಂತು. ತುಂಬ ದಿನ ನಿಂತಿದ್ದ ಪಂಪು ಶುರುವಾದಂತೆ ಮೊದಲು ಬರೀ ಗಾಳಿ, ಆಮೇಲೆ ಗೊರಗೊರ, ಆಮೇಲೆ ತಡೆಯಿಲ್ಲದ ಧಾರೆ. ಅವನಿಗೇ ಅದು ಯಾರ ದನಿಯೆಂದು ಗೊತ್ತಾಗಲಿಲ್ಲ. ನಿಲ್ಲಿಸಲು ನೋಡಿದ. ಆಗಲಿಲ್ಲ.

ಅಕೀಬ ಲುಂಗಿ ಕೆಳಗೆ ಬಿಟ್ಟ. ಅನೀಸ ಅಂಗಿಯಿಂದ ತಲೆ ಹೊರಗೆ ಹಾಕಿದ.

“ಕಾಕಾ, ನೀವೂ ನಕ್ರಿ?” ಎಂದ. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

“ನಡಿ ಅಣ್ಣಾ,” ಎಂದ ಅಕೀಬ. ತಂದೆ ಸತ್ತ ಮೇಲೆ ಅವನು ಅಣ್ಣನನ್ನು ಹಾಗೆ ಕರೆದದ್ದು ಅದೇ ಮೊದಲು. “ಅಪ್ಪನ ಕಡಾಯಿ ನೋಡಿ ನಗೋರ ಮುಂದ ನಾವು ನಿಂದ್ರೂದು ಬ್ಯಾಡ.”

ಆಟೋ ಹೊರಟುಹೋಗಿತ್ತು. ಇಬ್ಬರೂ ಒಂದೊಂದು ಕಿವಿ ಹಿಡಿದು ಕಡಾಯಿ ಎತ್ತಿಕೊಂಡು ನಡೆದೇ ಹೋದರು.

ಗುಡ್ಡಪ್ಪ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತ. ಸತ್ತವನ ವಸ್ತುವಿನ ಮುಂದೆ, ನಂಬಿ ಬಂದವರ ಮುಂದೆ ನಕ್ಕೆನಲ್ಲ ಎಂದು ನಾಚಿಕೆಯಾಯಿತು. ಆದರೆ ಇದಕ್ಕಿಂತ ಅವನನ್ನು ಕಾಡಿದ್ದು ಇನ್ನೊಂದು. ನಗುವಾಗ ಎದೆ ಎಷ್ಟು ಹಗುರಾಗಿತ್ತು. ಊರಲ್ಲಿ ಬೇರೆ ಎಲ್ಲರೂ ದಿನಾ ಇಷ್ಟು ಹಗುರಾಗಿಯೇ ಓಡಾಡುತ್ತಿದ್ದರೇನೋ. ತನಗೆ ಸಿಕ್ಕಿದ್ದು ಇಂದು, ಅದೂ ಇಬ್ಬರ ಮನಸ್ಸು ಮುರಿದು. ಇನ್ನು ಯಾರೂ ತನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡ.

ಅಂಗಡಿ ಮುಚ್ಚುವ ಮುಂಚೆಯೇ ಮೆಟ್ಟಿಲು ಹತ್ತಿ ಬಂದವಳು ಬಾನುಬಿ. ಕೈಯಲ್ಲಿ ಕಾಗದದ ಪೊಟ್ಟಣ, ಅದರ ತುಂಬ ಈಗಷ್ಟೇ ಕರಿದ ಬಿಸಿ ಖಾರ. ಗುಡ್ಡಪ್ಪ ಎದ್ದು ನಿಂತು ತಪ್ಪಾಯಿತೆಂದು ಹೇಳಲು ಹೊರಟ. ಮುದುಕಿ ಅವನನ್ನು ಕೂರಿಸಿದಳು.

“ಇಬ್ರೂ ನಿನ್ನ ಬೈಕೋತ ಮನಿಗೆ ಬಂದ್ರಪಾ,” ಎಂದಳು. “ಅವ್ರಪ್ಪ ಹೋದಾಗಿಂದ ಒಂದ್ ಮಾತಿಗೂ ಹೊಂದದವ್ರು, ನಿನ್ನ ಬೈಯೂದ್ರಾಗ ಒಂದಾದ್ರು. ಬೈಕೋತ ಕಡಾಯಿ ತೊಳದ್ರು, ಬೈಕೋತ ವಲಿ ಹಚ್ಚಿದ್ರು. ನಾಳಿಯಿಂದ ಒಂದ ಅಂಗಡಿ ಅಂತ. ಬೇಕಂತ ನಕ್ಕಿ ನೀ. ಅವ್ರಿಗೆ ತಿಳಿಲಿಲ್ಲ, ನನಗ ತಿಳೀತು.”

ಗುಡ್ಡಪ್ಪ, ಹಾಗೇನೂ ಇಲ್ಲ, ನಗು ತಡೆಯಲಾಗಲಿಲ್ಲ ಅಷ್ಟೇ, ತನ್ನದು ಮುರಿದ ಹಲ್ಲು, ಇಂದೇ ಕ್ಯಾಪ್ ಹಾಕಿಸಿಕೊಂಡದ್ದು ಎಂದು ಬಾಯಿ ತೆರೆದು ಬೆರಳಿಟ್ಟು ತೋರಿಸಿದ. ಬಾನುಬಿ ಬಗ್ಗಿ ನೋಡಿದಳು. ಶಂಕ್ರಪ್ಪನೂ ಬಂದು ನೋಡಿದ. ಎಲ್ಲ ಹಲ್ಲೂ ಒಂದೇ ತರಹ ಇದ್ದವು.

“ಚಲೋ ಅದಾವಲ್ಲೊ ಯಪ್ಪಾ. ಮೊದಲಿಂದ್ಲೂ ಹಿಂಗ ಅದಾವಲ್ಲ,” ಎಂದಳು ಬಾನುಬಿ. ದೊಡ್ಡವರು ತಮ್ಮ ಹೆಚ್ಚುಗಾರಿಕೆ ಹೇಳಿಕೊಳ್ಳುವುದಿಲ್ಲ ಎಂದು ಶಂಕ್ರಪ್ಪನಿಗೆ ಹೇಳುತ್ತ ಕಣ್ಣೊರೆಸಿಕೊಂಡು ಹೋದಳು.

ಗುಡ್ಡಪ್ಪನಿಗೆ ತಲೆ ಕೆಟ್ಟಂತಾಗಿ, ಏನು ಮಾಡಲೂ ತೋಚದೆ ಶಂಕ್ರಪ್ಪನ ಮುಖ ನೋಡಿ ಸಣ್ಣಗೆ ನಕ್ಕ. ಶಂಕ್ರಪ್ಪನ ಬಣ್ಣ ಇಳಿಯಿತು. ಅವನು ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು, ರಾಜಶ್ರೀಯ ಮದುವೆಯ ಸುದ್ದಿ ಹಬ್ಬಿಸಿದವನು ತಾನೇ, ಮುಂಜಾನೆ ಗುಡ್ಡಪ್ಪ ನಕ್ಕದ್ದು ತನ್ನ ಬಾಯಿ ಪರೀಕ್ಷಿಸಲಿಕ್ಕೇ ಎಂದು ಈಗ ತಿಳಿಯಿತು, ಹಿರೇಕೆರೂರಿನ ಹುಡುಗ ಮಾತ್ರ ತನ್ನದಲ್ಲ, ಬೇರೆಯವರು ಸೇರಿಸಿದ್ದು ಎಂದು ಒಪ್ಪಿಕೊಂಡ.

ಗುಡ್ಡಪ್ಪ ಅಂಗಡಿ ಮುಚ್ಚಿ ನೇರವಾಗಿ ನುಜಹತ ಡಾಕ್ಟರ ಹತ್ತಿರ ಹೋದ. ಕ್ಯಾಪ್ ಬಿಚ್ಚಿ ಮೊದಲಿನ ಹಲ್ಲು ಇದ್ದ ಹಾಗೆ ಮಾಡಿಕೊಡಿ ಎಂದು ಕೇಳಿದ. ಡಾಕ್ಟರು ಗಾಬರಿಯಾಗಿ ನೋವೇ, ಅಲುಗುತ್ತದೆಯೇ ಎಂದು ವಿಚಾರಿಸಿದರು. ಅದು ಯಾವುದೂ ಇಲ್ಲವೆಂದ ಮೇಲೆ ನಿಧಾನವಾಗಿ ತಿಳಿಸಿದರು. ಒಮ್ಮೆ ಉಜ್ಜಿದ ಹಲ್ಲು ತಿರುಗಿ ಬೆಳೆಯುವುದಿಲ್ಲ. ಈ ಕ್ಯಾಪ್ ಹೋದರೆ ಇನ್ನೊಂದು ಕ್ಯಾಪ್ ಹಾಕಬಹುದು, ಹಳೆಯ ಅರ್ಧ ಹಲ್ಲು ಮಾತ್ರ ಇನ್ನು ಯಾರಿಂದಲೂ ಆಗುವುದಿಲ್ಲ.

ಗುಡ್ಡಪ್ಪ ದಿನದ ಕತೆಯನ್ನೆಲ್ಲ ಹೇಳಿಕೊಂಡ. ಊರಿನಲ್ಲಿ ಇದನ್ನು ಕ್ಯಾಪ್ ಎಂದು ಬಲ್ಲವರು, ಹೆಂಡತಿಯನ್ನು ಬಿಟ್ಟರೆ, ಇವರೊಬ್ಬರೇ. ಹೇಳಿ ಮುಗಿಸಿದಾಗ ಮನಸ್ಸು ಸ್ವಲ್ಪ ತಣ್ಣಗಾಯಿತು. ಡಾಕ್ಟರು ಗಲ್ಲಕ್ಕೆ ಕೈಹಚ್ಚಿ ಏನೋ ಯೋಚಿಸುತ್ತಿದ್ದರು.

“ಕಾಕಾ, ನಂದೂ ಒಂದು ಜಗಳ ಐತ್ರಿ,” ಎಂದರು.

ಈ ಕಟ್ಟಡದ ಮಾಲೀಕ ಉಳಿವೆಪ್ಪ ಮೇಲಿನ ಮನೆಯಲ್ಲೇ ಇರುವವನು. ಅವನ ನೀರಿನ ಪೈಪು ಸೋರುತ್ತಿದೆ, ಎಷ್ಟು ಹೇಳಿದರೂ ರಿಪೇರಿ ಮಾಡಿಸುವುದಿಲ್ಲ. “ನೀರು ಬರೋಬ್ಬರಿ ಈ ಖುರ್ಚಿ ಮ್ಯಾಲ ತಟಕತೈತಿ. ಬಾಯಿ ತಗದು ಮಲಗಿದವ್ರ ಬಾಯಾಗ ಬೀಳ್ತೈತ್ರಿ. ಮೊನ್ನೆ ಒಬ್ರು, ‘ಡಾಕ್ಟರ, ಬಾಯಿ ತೊಳಿಯೂ ಮಷೀನ್ ಚಲೋ ಐತಿ’ ಅಂದ್ರು.”

ಗುಡ್ಡಪ್ಪ ತಲೆಯೆತ್ತಿ ಮಾಳಿಗೆಯತ್ತ ನೋಡಿದ. ಒಂದು ಹನಿ ನೇತಾಡುತ್ತಿತ್ತು. ಅವನು ನೋಡುತ್ತಿದ್ದಂತೆಯೇ ಅದು ಬಿಟ್ಟು, ಕುರ್ಚಿಯ ತಲೆದಿಂಬಿನ ಮೇಲೆ ಟಪ್ಪೆಂದಿತು. ಎದೆಯ ಭಾರವೆಲ್ಲ ಮರೆತು ಅವನಿಗೆ ನಗು ಬಂತು. ಯಾರ ಮೇಲೂ ಅಲ್ಲದ, ಯಾವ ಕಾರಣವೂ ಇಲ್ಲದ, ಬರೀ ನಗು. ಇಲ್ಲಿ ತಪ್ಪು ತಿಳಿಯುವವರು ಯಾರೂ ಇಲ್ಲವೆಂದು ಅವನು ಕುರ್ಚಿಯ ಹಿಡಿಕೆ ಹಿಡಿದು ಕಣ್ಣು ಮುಚ್ಚಿ ಮನಸಾರೆ ನಕ್ಕ.

ಕಣ್ಣು ತೆರೆದಾಗ ಗಾಜಿನ ಬಾಗಿಲ ಆಚೆ ಒಬ್ಬ ಮನುಷ್ಯ ನಿಂತಿದ್ದ. ಕೆಳಗೆ ಶಂಕ್ರಪ್ಪನಲ್ಲಿ ಚಹಾದ ಜೊತೆಗೆ ಗುಡ್ಡಪ್ಪನ ನಗುವಿನ ಸುದ್ದಿಯನ್ನೂ ಕುಡಿದು ಮನೆಗೆ ಹತ್ತುತ್ತಿದ್ದ ಉಳಿವೆಪ್ಪ. ಒಂದು ಕಾಲು ಮೇಲಿನ ಮೆಟ್ಟಿಲ ಮೇಲಿತ್ತು. ಅವನು ಗುಡ್ಡಪ್ಪನ ಬಾಯಿಯನ್ನೂ, ಮಾಳಿಗೆಯನ್ನೂ, ಡಾಕ್ಟರನ್ನೂ ಒಂದೊಂದಾಗಿ ನೋಡಿದ. ಆಮೇಲೆ ಬಾಗಿಲು ಸ್ವಲ್ಪವೇ ತೆರೆದು, ಚಪ್ಪಲಿ ಹೊರಗೆ ಬಿಟ್ಟು, ತಲೆಯಷ್ಟನ್ನು ಒಳಗೆ ಹಾಕಿದ.

“ಗುಡ್ಡಪ್ಪಣ್ಣಾರ, ಅಲ್ಲೀತನಕ ಹೋಗೂದು ಬ್ಯಾಡ್ರಿ,” ಎಂದ. “ನಾಳೆ ಮುಂಜಾನೆ ಪೈಪು ಹೊಸಾದು ಹಾಕಸ್ತೇನ್ರಿ.”

ಬಾಗಿಲು ಮುಚ್ಚಿತು. ಡಾಕ್ಟರು ಎರಡೂ ಕೈ ಜೋಡಿಸಿದರು. ಗುಡ್ಡಪ್ಪನ ತುಟಿಗಳು ಮೆಲ್ಲಗೆ ಒಂದಕ್ಕೊಂದು ಹತ್ತಿರ ಬಂದು, ಬಿಗಿಯಾಗಿ ಮುಚ್ಚಿಕೊಂಡವು.